ಕಾರಿನ ಪಾಲಿಸಿ ಪಿಡಿಎಫ್ ಒಮ್ಮೆಯಾದರೂ ತೆರೆದು ಓದಿದ್ದೀರಾ?

ಕಾರು ಕೊಳ್ಳುವ ಮುಂಚೆ ನಾವು ಮಾಡುವ ಸಂಶೋಧನೆ ಸಾಮಾನ್ಯದ್ದಲ್ಲ. ಮೈಲೇಜ್ ಎಷ್ಟು, ಡಿಕ್ಕಿಯಲ್ಲಿ ಎಷ್ಟು ಸೂಟ್‌ಕೇಸ್ ಹಿಡಿಯುತ್ತೆ, ಸನ್‌ರೂಫ್ ಬೇಕಾ ಬೇಡ್ವಾ ಅಂತ ತಿಂಗಳುಗಟ್ಟಲೆ ಯೂಟ್ಯೂಬ್ ನೋಡ್ತೀವಿ. ಅದೇ ಕಾರಿನ ಇನ್ಶೂರೆನ್ಸ್ ಪಾಲಿಸಿ ಮಾತ್ರ ಇಮೇಲ್‌ಗೆ ಬಂದು ಬೀಳುತ್ತೆ. ಟ್ರಾಫಿಕ್ ಪೊಲೀಸರು ಕೇಳಿದರೆ ತೋರಿಸೋಕೆ ಫೋನ್‌ನಲ್ಲಿ ಇದೆ ಅನ್ನೋದಷ್ಟೇ ನಮಗೆ ಸಮಾಧಾನ.

ಆ ಪಿಡಿಎಫ್ ನಿಜವಾಗಿ ಓದುವ ದಿನ ಬರೋದು ಕಾರು ಗ್ಯಾರೇಜಿನಲ್ಲಿ ನಿಂತ ಮೇಲೆ. ಆಗ ಅದರಲ್ಲಿ ಏನನ್ನೂ ಬದಲಾಯಿಸೋಕೆ ಆಗಲ್ಲ. ಅದಕ್ಕೇ ಕಾರು ಚೆನ್ನಾಗಿ ಓಡುತ್ತಿರುವಾಗಲೇ ಒಂದರ್ಧ ಗಂಟೆ ಕೂತು ಇದನ್ನು ನೋಡಿಬಿಡಿ. ಯಾವ ಪುಟದಲ್ಲಿ ಏನು ನೋಡಬೇಕು ಅನ್ನೋದು ಇಲ್ಲಿದೆ.

ಒಂದೇ ಫೈಲ್, ಒಳಗೆ ಹಲವು ಕಾಗದ

ನಾವು 'ಪಾಲಿಸಿ' ಅಂತ ಕರೆಯೋದು ಒಂದೇ ಕಾಗದವಲ್ಲ. ಮೊದಲನೆಯದು ಸರ್ಟಿಫಿಕೇಟ್ ಆಫ್ ಇನ್ಶೂರೆನ್ಸ್. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇದು ಫಾರ್ಮ್ 51. ರಸ್ತೆಯಲ್ಲಿ ತೋರಿಸಬೇಕಾದ ದಾಖಲೆ ಇದೇ. ಇನ್ಶೂರೆನ್ಸ್ ಇಲ್ಲದೆ ಓಡಿಸಿದರೆ ಮೊದಲ ಸಲ 2,000 ರೂಪಾಯಿ, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ದಂಡ. ಮೂರು ತಿಂಗಳವರೆಗೆ ಜೈಲಿಗೂ ಕಾನೂನಿನಲ್ಲಿ ಅವಕಾಶವಿದೆ.

ಎರಡನೆಯದು ಶೆಡ್ಯೂಲ್. ನಿಮ್ಮ ಹೆಸರು, ಕಾರಿನ ವಿವರ, ಮೊತ್ತ, ಪ್ರೀಮಿಯಂ ಲೆಕ್ಕ ಎಲ್ಲ ಇರೋದು ಇಲ್ಲಿ. ಹೆಚ್ಚಿನ ಕಂಪನಿಗಳು ಸರ್ಟಿಫಿಕೇಟ್ ಮತ್ತು ಶೆಡ್ಯೂಲ್ ಸೇರಿಸಿ ಒಂದೆರಡು ಪುಟದಲ್ಲಿ ಮುಗಿಸುತ್ತವೆ. ಮೂರನೆಯದು ಪಾಲಿಸಿ ವರ್ಡಿಂಗ್ಸ್, ಅಂದರೆ ಷರತ್ತುಗಳ ಪುಸ್ತಕ. ಕೆಲವೊಮ್ಮೆ ಇದನ್ನು ಲಗತ್ತಿಸೋದೇ ಇಲ್ಲ, ಒಂದು ಲಿಂಕ್ ಕೊಟ್ಟು ಸುಮ್ಮನಾಗ್ತಾರೆ. ಆ ಲಿಂಕ್ ತೆರೆದು ಫೈಲ್ ಇಳಿಸಿಟ್ಟುಕೊಳ್ಳಿ.

ನಾಲ್ಕನೆಯದು ನಾವು ಮರೆತೇ ಹೋಗುವ ಪ್ರಪೋಸಲ್ ಫಾರ್ಮ್. ನೀವು ಆ್ಯಪ್‌ನಲ್ಲಿ ಟಿಕ್ ಮಾಡಿದ್ದು, ಶೋರೂಮಿನವರು ನಿಮ್ಮ ಪರವಾಗಿ ತುಂಬಿದ್ದು ಎಲ್ಲ ಇದರಲ್ಲಿ ಇರುತ್ತೆ. ಪಾಲಿಸಿ ನಿಂತಿರೋದೇ ಆ ಹೇಳಿಕೆಗಳ ಮೇಲೆ. ಹೋದ ವರ್ಷ ಕ್ಲೇಮ್ ಮಾಡಿದ್ದರೂ ಯಾರೋ 'ಕ್ಲೇಮ್ ಇಲ್ಲ' ಅಂತ ಟಿಕ್ ಮಾಡಿದ್ದರೆ ಅದು ನಿಮ್ಮ ಸುಳ್ಳು ಹೇಳಿಕೆ ಅಂತಲೇ ಲೆಕ್ಕ. ಅದರ ಪ್ರತಿ ಕೇಳಿ ಪಡೆಯೋದು ನಿಮ್ಮ ಹಕ್ಕು.

ಎರಡು ಕೊನೆ ದಿನಾಂಕ

ಶೆಡ್ಯೂಲ್ ತೆರೆದ ತಕ್ಷಣ ನೋಡಬೇಕಾದ್ದು ದಿನಾಂಕ. 2018ರ ಸೆಪ್ಟೆಂಬರ್ 1ರಿಂದ, ಸುಪ್ರೀಂ ಕೋರ್ಟ್ ಆದೇಶದಂತೆ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆದರೆ ನಿಮ್ಮ ಸ್ವಂತ ಕಾರಿನ ಹಾನಿಗೆ ಸಿಗುವ ಓನ್ ಡ್ಯಾಮೇಜ್ ರಕ್ಷಣೆಯನ್ನು ಸಾಮಾನ್ಯವಾಗಿ ಒಂದೇ ವರ್ಷಕ್ಕೆ ಕೊಟ್ಟಿರ್ತಾರೆ. ಒಂದೇ ಪುಟದಲ್ಲಿ ಎರಡು ಅವಧಿ, ಎರಡು ಕೊನೆ ದಿನಾಂಕ.

ನಮ್ಮ ಆಫೀಸಿನ ಸಹೋದ್ಯೋಗಿಯೊಬ್ಬರ ಕಾರಿನ ಮೇಲೆ ಮೇ ತಿಂಗಳ ಮಳೆಗೆ ಮರದ ಕೊಂಬೆ ಬಿತ್ತು. ಚಾವಣಿ ತಗ್ಗಾಯ್ತು, ಮುಂದಿನ ಗಾಜು ಪುಡಿ. 'ಮೂರು ವರ್ಷದ ಇನ್ಶೂರೆನ್ಸ್ ಇದೆಯಲ್ಲ' ಅಂತ ಅವರು ನಿಶ್ಚಿಂತೆಯಿಂದ ಫೋನ್ ಮಾಡಿದರು. ಇದ್ದದ್ದು ಥರ್ಡ್ ಪಾರ್ಟಿ ಮಾತ್ರ. ಓನ್ ಡ್ಯಾಮೇಜ್ ಮುಗಿದು ನಾಲ್ಕು ತಿಂಗಳಾಗಿತ್ತು. ರಿಪೇರಿಯ ಪೂರ್ತಿ ಬಿಲ್ ಅವರ ಕ್ರೆಡಿಟ್ ಕಾರ್ಡಿಗೆ ಹೋಯ್ತು.

ಈ ಲೋಪ ಪೊಲೀಸ್ ತಪಾಸಣೆಯಲ್ಲಿ ಗೊತ್ತಾಗೋದೇ ಇಲ್ಲ, ಯಾಕಂದ್ರೆ ಕಾನೂನು ಕೇಳೋದು ಥರ್ಡ್ ಪಾರ್ಟಿಯನ್ನು ಮಾತ್ರ. ಹಾಗಾಗಿ ಎರಡೂ ದಿನಾಂಕಗಳನ್ನು ಫೋನ್ ಕ್ಯಾಲೆಂಡರಿಗೆ ಹಾಕಿ. ಕೆಲವು ಸಲ ಶೋರೂಮಿನವರು ತಮ್ಮದೇ ಮೊಬೈಲ್ ನಂಬರ್, ಇಮೇಲ್ ಹಾಕಿರ್ತಾರೆ. ಆಗ ನವೀಕರಣದ ನೆನಪೋಲೆ ಅವರಿಗೆ ಹೋಗುತ್ತೆ, ನಿಮಗಲ್ಲ. ಅದನ್ನೂ ಒಮ್ಮೆ ನೋಡಿ.

ಹೆಸರು, ನಂಬರ್, ಬ್ಯಾಂಕು

ಆರ್‌ಸಿ ಪಕ್ಕದಲ್ಲಿ ಇಟ್ಟುಕೊಂಡು ಹೆಸರು, ನೋಂದಣಿ ಸಂಖ್ಯೆ, ಎಂಜಿನ್ ನಂಬರ್, ಚಾಸಿ ನಂಬರ್, ಇಂಧನ, ತಯಾರಾದ ವರ್ಷ ತಾಳೆ ನೋಡಿ. ಹೊಸ ಕಾರಿನ ಪಾಲಿಸಿಯಲ್ಲಿ ನೋಂದಣಿ ಸಂಖ್ಯೆಯ ಜಾಗದಲ್ಲಿ 'ನ್ಯೂ' ಅಂತ ಇರಬಹುದು. ನಂಬರ್ ಬಂದ ಮೇಲೆ ಸೇರಿಸಿಸಿ. ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಅದು ಆರ್‌ಸಿಯಲ್ಲೂ ಇರಬೇಕು, ಪಾಲಿಸಿಯಲ್ಲೂ ಇರಬೇಕು.

ಸಾಲದ ಕಾರಾದರೆ ಹೈಪಾಥಿಕೇಶನ್ ಅಂತ ಬ್ಯಾಂಕಿನ ಹೆಸರು ಇರುತ್ತೆ. ಕಾರು ಕಳವಾದರೆ ಅಥವಾ ಪೂರ್ತಿ ನಾಶವಾದರೆ ಹಣ ಮೊದಲು ಹೋಗೋದು ಅವರಿಗೆ. ಸಾಲ ತೀರಿಸಿದ ಮೇಲೂ ಎಷ್ಟೋ ಜನ ಈ ಹೆಸರು ತೆಗೆಸಿರಲ್ಲ. ಬ್ಯಾಂಕಿನ ಎನ್‌ಒಸಿ ತಗೊಂಡು ಆರ್‌ಟಿಒದಲ್ಲಿ ತೆಗೆಸಿ, ಆಮೇಲೆ ಪಾಲಿಸಿಯಲ್ಲೂ ತೆಗೆಸಬೇಕು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇಲ್ಲಿ ಇನ್ನೂ ಹುಷಾರಾಗಿರಬೇಕು. ಕಾರು ಕೈ ಬದಲಾದಾಗ ಥರ್ಡ್ ಪಾರ್ಟಿ ಭಾಗ ಕಾನೂನಿನ ಪ್ರಕಾರ ತಾನಾಗೇ ಹೊಸ ಮಾಲೀಕರಿಗೆ ಬರುತ್ತೆ. ಓನ್ ಡ್ಯಾಮೇಜ್ ಹಾಗೆ ಬರಲ್ಲ. 1996ರಷ್ಟು ಹಿಂದೆಯೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. 14 ದಿನದೊಳಗೆ ಅರ್ಜಿ ಕೊಟ್ಟು ಪಾಲಿಸಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು.

ಮಾರಿದವರೂ ನಿರಾಳವಾಗಿರುವ ಹಾಗಿಲ್ಲ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲೀಕರು, ಅಪಘಾತ ಪರಿಹಾರದ ಹೊಣೆಯೂ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೀ ಕೊಟ್ಟು ದುಡ್ಡು ಎಣಿಸಿಕೊಂಡರೆ ಕೆಲಸ ಮುಗಿಯಲ್ಲ, ಆರ್‌ಸಿ ವರ್ಗಾವಣೆ ಆಗೋತನಕ ಬೆನ್ನು ಹತ್ತಬೇಕು.

ಐಡಿವಿ: ನಿಮ್ಮ ಕಾರಿನ ಬೆಲೆ ಎಷ್ಟು ಅಂತ ಬರೆದಿದೆ?

ಇನ್ಶೂರ್ಡ್ ಡಿಕ್ಲೇರ್ಡ್ ವ್ಯಾಲ್ಯೂ, ಚಿಕ್ಕದಾಗಿ ಐಡಿವಿ. ಕಾರು ಕಳವಾದರೆ ಅಥವಾ ರಿಪೇರಿಗೆ ಮೀರಿ ಹಾಳಾದರೆ ಸಿಗುವ ಗರಿಷ್ಠ ಮೊತ್ತ ಇದು. ಆ ಮಾಡೆಲ್‌ನ ಈಗಿನ ಎಕ್ಸ್ ಶೋರೂಮ್ ಬೆಲೆಯಿಂದ ಕಾರಿನ ವಯಸ್ಸಿಗೆ ತಕ್ಕ ಸವಕಳಿ ಕಳೆದು ಇದನ್ನು ಲೆಕ್ಕ ಹಾಕ್ತಾರೆ. ಮೋಟಾರ್ ಟ್ಯಾರಿಫ್‌ನ ಪಟ್ಟಿ ಹೀಗಿದೆ: ಆರು ತಿಂಗಳವರೆಗೆ ಶೇ 5, ಒಂದು ವರ್ಷದವರೆಗೆ ಶೇ 15, ಎರಡು ವರ್ಷದವರೆಗೆ ಶೇ 20, ಮೂರರವರೆಗೆ ಶೇ 30, ನಾಲ್ಕರವರೆಗೆ ಶೇ 40, ಐದರವರೆಗೆ ಶೇ 50.

9 ಲಕ್ಷದ ಕಾರಿಗೆ ಮೂರು ವರ್ಷ ದಾಟಿದ್ದರೆ ಐಡಿವಿ ಸುಮಾರು 5.4 ಲಕ್ಷ. ರಿಪೇರಿ ಖರ್ಚು ಐಡಿವಿಯ ಶೇ 75 ಮೀರಿದರೆ, ಅಂದರೆ ಇಲ್ಲಿ 4.05 ಲಕ್ಷ ದಾಟಿದರೆ, ಅದನ್ನು 'ಟೋಟಲ್ ಲಾಸ್' ಅಂತ ಪರಿಗಣಿಸ್ತಾರೆ.

ಆನ್‌ಲೈನ್‌ನಲ್ಲಿ ಪ್ರೀಮಿಯಂ ಹೋಲಿಸುವಾಗ ಕೆಲವು ಕೊಟೇಶನ್ ತುಂಬಾ ಅಗ್ಗ ಕಾಣಿಸುತ್ತವೆ. ಐಡಿವಿಯನ್ನೇ ಇಳಿಸಿದ್ದಾರಾ ಅಂತ ಮೊದಲು ನೋಡಿ. ವರ್ಷಕ್ಕೆ ಸಾವಿರ-ಎರಡು ಸಾವಿರ ಉಳಿಸಲು ಹೋಗಿ, ಕಾರು ಕಳವಾದ ದಿನ ಲಕ್ಷ ಕಳೆದುಕೊಳ್ಳಬೇಕಾದೀತು. ಸಾಲ ಇದ್ದವರು ಐಡಿವಿಯನ್ನು ಬಾಕಿ ಸಾಲದ ಪಕ್ಕ ಇಟ್ಟು ನೋಡಬೇಕು. ಐಡಿವಿ ಕಮ್ಮಿ ಇದ್ದರೆ, ಕಾರು ಹೋದ ಮೇಲೂ ಇಎಂಐ ಕಟ್ಟುತ್ತಿರಬೇಕಾಗುತ್ತೆ.

ಪ್ರೀಮಿಯಂ ಪಟ್ಟಿ ಮತ್ತು ನೋ ಕ್ಲೇಮ್ ಬೋನಸ್

ಶೆಡ್ಯೂಲ್‌ನಲ್ಲಿ ಪ್ರೀಮಿಯಂ ಎರಡು ಕಂಬಗಳಲ್ಲಿ ಇರುತ್ತೆ. ಒಂದು ಕಡೆ ಓನ್ ಡ್ಯಾಮೇಜ್ ಮತ್ತು ಆ್ಯಡ್-ಆನ್‌ಗಳು, ಇನ್ನೊಂದು ಕಡೆ ಥರ್ಡ್ ಪಾರ್ಟಿ. ಕೆಳಗೆ ಶೇ 18 ಜಿಎಸ್‌ಟಿ.

ಥರ್ಡ್ ಪಾರ್ಟಿ ದರವನ್ನು ಸರ್ಕಾರ ಗೊತ್ತು ಮಾಡುತ್ತೆ, ಎಲ್ಲ ಕಂಪನಿಯಲ್ಲೂ ಒಂದೇ. 2022ರ ಜೂನ್ 1ರಿಂದ ಜಾರಿಗೆ ಬಂದ ದರದಂತೆ 1000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೂ ಮೇಲೆ 7,897. ಎಲೆಕ್ಟ್ರಿಕ್ ಕಾರಿಗೆ ಶೇ 15 ರಿಯಾಯಿತಿ. ಹಾಗಾಗಿ ಚೌಕಾಸಿ, ಹೋಲಿಕೆ ಎಲ್ಲ ಓನ್ ಡ್ಯಾಮೇಜ್ ಕಂಬದಲ್ಲಿ ಮಾತ್ರ.

ನೋ ಕ್ಲೇಮ್ ಬೋನಸ್ ಕೂಡ ಅದೇ ಕಂಬಕ್ಕೆ ಸೇರಿದ್ದು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ 50. ಒಂದು ಕ್ಲೇಮ್ ಮಾಡಿದರೆ ಸಾಮಾನ್ಯವಾಗಿ ಸೊನ್ನೆಗೆ ಬಂದು ನಿಲ್ಲುತ್ತೆ.

ಇದರಿಂದ ಒಂದು ಉಪಯೋಗದ ಲೆಕ್ಕ ಹೊರಡುತ್ತೆ. ಬೋನಸ್ ಕಳೆಯುವ ಮುಂಚಿನ ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ 9,000 ರೂಪಾಯಿ, ಈಗಿನ ಬೋನಸ್ ಶೇ 35 ಅಂತಿಟ್ಟುಕೊಳ್ಳಿ. ಸೈಡ್ ಮಿರರ್ ಒಡೆದು 3,000 ರೂಪಾಯಿಗೆ ಕ್ಲೇಮ್ ಮಾಡಿದರೆ, ಮುಂದಿನ ವರ್ಷ ಸಿಗಬೇಕಿದ್ದ ಶೇ 45, ಅಂದರೆ 4,050 ರೂಪಾಯಿ, ಹೋಯ್ತು. ಅದರ ಮುಂದಿನ ವರ್ಷ 50ರ ಬದಲು 20 ಮಾತ್ರ, ಅಲ್ಲಿ ಇನ್ನೊಂದು 2,700. ಎರಡು ವರ್ಷಕ್ಕೆ 6,750 ರೂಪಾಯಿ. ಸಣ್ಣಪುಟ್ಟ ಗೀರಿಗೆ ಕ್ಲೇಮ್ ಹಾಕುವ ಮುಂಚೆ ಈ ಕೂಡು-ಕಳೆ ಮಾಡಿ.

ಇನ್ನೊಂದು ವಿಷಯ. ಬೋನಸ್ ನಿಮ್ಮದು, ಕಾರಿನದಲ್ಲ. ಹಳೆ ಕಾರು ಮಾರುವಾಗ ಕಂಪನಿಯಿಂದ ಎನ್‌ಸಿಬಿ ಪತ್ರ ತಗೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಪಾಲಿಸಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ ಮಾತ್ರ ಅದು ಕೈಬಿಟ್ಟು ಹೋಗುತ್ತೆ.

ಬಿಲ್ 47,000, ಬಂದದ್ದು 37,500: ಯಾಕೆ?

ಕ್ಲೇಮ್ ಮಾಡಿದವರ ದೊಡ್ಡ ದೂರು ಇದು. ಉತ್ತರ ವರ್ಡಿಂಗ್ಸ್ ಒಳಗಿನ ಸವಕಳಿ ಪಟ್ಟಿಯಲ್ಲಿದೆ. ಬದಲಾಯಿಸಿದ ಪ್ರತಿ ಬಿಡಿಭಾಗಕ್ಕೂ ಸವಕಳಿ ಕಳೀತಾರೆ. ರಬ್ಬರ್, ಪ್ಲಾಸ್ಟಿಕ್, ಟೈರ್, ಬ್ಯಾಟರಿ, ಏರ್‌ಬ್ಯಾಗ್‌ಗೆ ಶೇ 50. ಫೈಬರ್ ಗ್ಲಾಸಿಗೆ ಶೇ 30. ಗಾಜಿಗೆ ಏನೂ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸು ನೋಡ್ತಾರೆ: ಎರಡು ವರ್ಷದವರೆಗಿನ ಕಾರಿಗೆ ಹೆಚ್ಚೆಂದರೆ ಶೇ 10, ಮೂರರವರೆಗೆ 15, ನಾಲ್ಕರವರೆಗೆ 25, ಐದರವರೆಗೆ 35, ಹತ್ತರವರೆಗೆ 40.

ಮೂರೂವರೆ ವರ್ಷದ ಕಾರು ಅಂತಿಟ್ಟುಕೊಂಡು, ಜಿಎಸ್‌ಟಿ ಬದಿಗಿಟ್ಟು ಲೆಕ್ಕ ಮಾಡೋಣ.

• ಪ್ಲಾಸ್ಟಿಕ್ ಬಂಪರ್ 8,000: ಕಳೆಯೋದು 4,000
• ಬಾಗಿಲು, ಲೋಹ, 12,000: ಕಳೆಯೋದು 3,000
• ಮುಂದಿನ ಗಾಜು 9,000: ಏನೂ ಕಳೆಯಲ್ಲ
• ಪೇಂಟಿಂಗ್ 12,000: ಇದರಲ್ಲಿ ಕಾಲು ಭಾಗವನ್ನು ಬಣ್ಣದ ಬೆಲೆ ಅಂತ ಹಿಡಿದು, ಅದರ ಅರ್ಧ ಕಳೀತಾರೆ; 1,500
• ಟಿಂಕರಿಂಗ್, ಕೂಲಿ 6,000: ಏನೂ ಕಳೆಯಲ್ಲ

ಒಟ್ಟು ಬಿಲ್ 47,000. ಸವಕಳಿ 8,500. ಇದರ ಮೇಲೆ ಕಡ್ಡಾಯ ಡಿಡಕ್ಟಿಬಲ್ ಅಂತ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕೂ ದೊಡ್ಡ ಎಂಜಿನ್ನಿಗೆ 2,000. ಇಲ್ಲಿ 1,000 ಕಳೆದರೆ ಕಂಪನಿ ಕೊಡೋದು 37,500, ನಿಮ್ಮ ಜೇಬಿನಿಂದ 9,500.

'ಝೀರೋ ಡೆಪ್' ಆ್ಯಡ್-ಆನ್ ಇದ್ದಿದ್ದರೆ ಆ 8,500 ಉಳೀತಿತ್ತು. ಆದರೆ 'ಬಂಪರ್ ಟು ಬಂಪರ್' ಅಂತ ಫೋನ್‌ನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಶೆಡ್ಯೂಲ್‌ನಲ್ಲಿ ಆ ಸಾಲು ಇದೆಯಾ, ವರ್ಷಕ್ಕೆ ಎಷ್ಟು ಕ್ಲೇಮ್‌ಗೆ ಅನ್ವಯ ಅಂತ ನೋಡಿ. ಹಾಗೇ 'ವಾಲಂಟರಿ ಡಿಡಕ್ಟಿಬಲ್' ಸಾಲು. ಅಲ್ಲಿ 5,000 ಅಂತಿದ್ದರೆ ಪ್ರೀಮಿಯಂ ಕಮ್ಮಿ ತೋರಿಸಲು ನಿಮ್ಮ ಪಾಲನ್ನು ಏರಿಸಿದ್ದಾರೆ ಅಂತ ಅರ್ಥ. ಪ್ರತಿ ಕ್ಲೇಮ್‌ನಲ್ಲೂ ಆ 5,000 ನಿಮ್ಮದೇ.

ನೀರು ನುಗ್ಗಿದಾಗ

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಬೇಸ್‌ಮೆಂಟ್‌ಗಳಲ್ಲಿ ಕಾರುಗಳು ಮುಳುಗಿದ್ದನ್ನು ನೋಡಿದವರಿಗೆ ಈ ಭಾಗ ಬಿಡಿಸಿ ಹೇಳಬೇಕಿಲ್ಲ. ಸಮಗ್ರ ಪಾಲಿಸಿಯಲ್ಲಿ ಪ್ರವಾಹ, ಬಿರುಗಾಳಿ, ಭೂಕುಸಿತ, ಬೆಂಕಿ, ಕಳವು ಎಲ್ಲ ಸೇರಿವೆ. ಆದರೆ ಅದೇ ಪುಟದ ಕೆಳಗೆ 'ಇವು ಸೇರಿಲ್ಲ' ಅಂತ ಇನ್ನೊಂದು ಪಟ್ಟಿ ಇದೆ: ಪರಿಣಾಮವಾಗಿ ಆದ ನಷ್ಟ, ಸವೆತ, ಯಾಂತ್ರಿಕ ಅಥವಾ ವಿದ್ಯುತ್ ದೋಷ.

ನಿಂತ ಕಾರಿಗೆ ನೀರು ನುಗ್ಗಿ ಸೀಟು, ವೈರಿಂಗ್ ಹಾಳಾದರೆ ಅದು ಪ್ರವಾಹದ ಹಾನಿ. ನೀರಿನಲ್ಲಿ ನಿಂತಿರುವಾಗಲೇ ಸ್ಟಾರ್ಟ್ ಮಾಡಲು ಹೋಗಿ, ಎಂಜಿನ್ ಸಿಲಿಂಡರಿಗೆ ನೀರು ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗಿದರೆ? 'ಇದು ಪ್ರವಾಹದ ನೇರ ಹಾನಿಯಲ್ಲ, ಸ್ಟಾರ್ಟ್ ಮಾಡಿದ್ದರ ಪರಿಣಾಮ' ಅಂತ ಕಂಪನಿ ವಾದಿಸುತ್ತೆ. ಎಂಜಿನ್ ರಿಪೇರಿ ಅಂದರೆ ಲಕ್ಷದ ಮಾತು. ಅದಕ್ಕೇ ಇರೋದು ಎಂಜಿನ್ ಪ್ರೊಟೆಕ್ಟ್ ಆ್ಯಡ್-ಆನ್. ಆ್ಯಡ್-ಆನ್ ಇರಲಿ ಬಿಡಲಿ, ಕಾರು ನೀರಲ್ಲಿ ಮುಳುಗಿದ್ದರೆ ಕೀ ಮುಟ್ಟಬೇಡಿ. ಫೋಟೊ ತೆಗೀರಿ, ಕಂಪನಿಗೆ ತಿಳಿಸಿ, ಟೋಯಿಂಗ್ ಮಾಡಿಸಿ. ಅಂದಹಾಗೆ ಸ್ಟ್ಯಾಂಡರ್ಡ್ ಪಾಲಿಸಿಯಲ್ಲಿ ಟೋಯಿಂಗ್‌ಗೆ ಸಿಗೋದು 1,500 ರೂಪಾಯಿವರೆಗೆ ಮಾತ್ರ. ಮಳೆಗಾಲದ ರಾತ್ರಿ ಅದು ಸಾಲಲ್ಲ, ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ ನೋಡಿಕೊಳ್ಳಿ.

ಯಾರು ಓಡಿಸಬಹುದು, ಯಾತಕ್ಕೆ ಓಡಿಸಬಹುದು

ಸರ್ಟಿಫಿಕೇಟ್‌ನಲ್ಲಿ 'ಲಿಮಿಟೇಶನ್ಸ್ ಆ್ಯಸ್ ಟು ಯೂಸ್' ಅಂತ ಒಂದು ಸಣ್ಣಕ್ಷರದ ಪ್ಯಾರಾ ಇರುತ್ತೆ. ಬಾಡಿಗೆಗೆ ಓಡಿಸುವಂತಿಲ್ಲ, ರೇಸಿಗೆ ಬಳಸುವಂತಿಲ್ಲ ಅನ್ನೋದು ಅದರ ಸಾರ. ವೈಟ್ ಬೋರ್ಡ್ ಕಾರನ್ನು ವೀಕೆಂಡ್‌ನಲ್ಲಿ ಸುಮ್ಮನೆ ನಿಂತಿದೆಯಲ್ಲ ಅಂತ ದಿನಕ್ಕಿಷ್ಟು ದುಡ್ಡು ತಗೊಂಡು ಪರಿಚಯದವರಿಗೆ ಕೊಡೋರು ಈ ಪ್ಯಾರಾ ಎರಡು ಸಲ ಓದಬೇಕು.

ಓಡಿಸುವವರಿಗೆ ಆ ದಿನ ಚಾಲ್ತಿಯಲ್ಲಿರುವ ಲೈಸೆನ್ಸ್ ಇರಬೇಕು, ಕುಡಿದಿರಬಾರದು. ಹೆಂಡತಿ, ತಮ್ಮ, ಗೆಳೆಯ ಯಾರು ಓಡಿಸಿದರೂ ಕಾರಿನ ಕ್ಲೇಮ್‌ಗೆ ಅಡ್ಡಿಯಿಲ್ಲ.

ಕಾರಿಗೆ ಅಡ್ಡಿಯಿಲ್ಲ ನಿಜ, ಆದರೆ ಓಡಿಸುವ ಮನುಷ್ಯನಿಗೆ? ಶೆಡ್ಯೂಲ್‌ನಲ್ಲಿ 'ಪಿಎ ಕವರ್ ಫಾರ್ ಓನರ್-ಡ್ರೈವರ್' ಅಂತ 15 ಲಕ್ಷದ ಸಾಲು ಇರುತ್ತೆ. ಇದು ಸಿಗೋದು ನೋಂದಾಯಿತ ಮಾಲೀಕರಿಗೆ ಮಾತ್ರ, ಅವರಿಗೆ ಲೈಸೆನ್ಸ್ ಇದ್ದರೆ ಮಾತ್ರ. ನಮ್ಮ ಎಷ್ಟೋ ಮನೆಗಳಲ್ಲಿ ಕಾರು ಅಪ್ಪನ ಹೆಸರಲ್ಲಿ, ಓಡಿಸೋದು ಮಗ ಅಥವಾ ಮಗಳು. ಅವರಿಗೆ ಏನಾದರೂ ಆದರೆ ಈ 15 ಲಕ್ಷ ಬರಲ್ಲ.

ಥರ್ಡ್ ಪಾರ್ಟಿಯಲ್ಲಾದರೂ ಸಿಗಬಹುದಲ್ಲ ಅಂದರೆ ಅದೂ ಕಷ್ಟ. ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಬೈಕನ್ನು ಎರವಲು ಪಡೆದು ಓಡಿಸಿದ ವ್ಯಕ್ತಿ ಮಾಲೀಕನ ಜಾಗದಲ್ಲೇ ನಿಂತಂತೆ, ತಪ್ಪು ಯಾರದೆಂದು ತೋರಿಸಬೇಕಿಲ್ಲದ ಸೆಕ್ಷನ್ 163ಎ ಅಡಿ ಅವನ ಮನೆಯವರು ಪರಿಹಾರ ಕೇಳುವಂತಿಲ್ಲ ಅಂತ ಹೇಳಿತು. ಮನೆಯಲ್ಲಿ ಬೇರೆಯವರ ಹೆಸರಿನ ಕಾರು ಓಡಿಸುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಪರ್ಸನಲ್ ಆ್ಯಕ್ಸಿಡೆಂಟ್ ಪಾಲಿಸಿ ಇರೋದು ಒಳ್ಳೆಯದು. ಈ ಸಾಲಿನ ಪಕ್ಕದಲ್ಲೇ ನಾಮಿನಿ ಹೆಸರು ಇರುತ್ತೆ. ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಯನ್ನೇ ನವೀಕರಿಸುತ್ತಾ ಬಂದವರು ಅಲ್ಲಿ ಯಾರ ಹೆಸರಿದೆ ಅಂತ ನೋಡಿ.

ಐಎಂಟಿ ಅನ್ನೋ ಸಂಕೇತಗಳು

ಶೆಡ್ಯೂಲ್‌ನ ಕೆಳಗೆ 'ಐಎಂಟಿ 7, 22, 28' ಅಂತ ಬರೀ ಅಂಕಿಗಳಿರುತ್ತವೆ. ಇವು ಮೋಟಾರ್ ಟ್ಯಾರಿಫ್‌ನ ಹೆಚ್ಚುವರಿ ಷರತ್ತುಗಳ ಸಂಖ್ಯೆ. ಹೆಚ್ಚಾಗಿ ಕಾಣೋದು ಇವಿಷ್ಟು:

• 7: ಸಾಲ ಕೊಟ್ಟ ಬ್ಯಾಂಕಿನ ಹಕ್ಕು
• 16: ಹೆಸರಿಸದ ಪ್ರಯಾಣಿಕರಿಗೆ ಅಪಘಾತ ವಿಮೆ
• 20: ಬೇರೆಯವರ ಆಸ್ತಿ ಹಾನಿಯ ಮಿತಿ 6,000 ರೂಪಾಯಿಗೆ ಇಳಿಕೆ
• 22: ಕಡ್ಡಾಯ ಡಿಡಕ್ಟಿಬಲ್
• 22ಎ: ವಾಲಂಟರಿ ಡಿಡಕ್ಟಿಬಲ್
• 24: ಹೊರಗೆ ಹಾಕಿಸಿದ ಎಲೆಕ್ಟ್ರಿಕ್, ಎಲೆಕ್ಟ್ರಾನಿಕ್ ಸಾಮಾನು
• 25: ಸಿಎನ್‌ಜಿ, ಎಲ್‌ಪಿಜಿ ಕಿಟ್
• 28: ಸಂಬಳದ ಡ್ರೈವರ್‌ಗೆ ರಕ್ಷಣೆ

20 ಕಂಡರೆ ಎಚ್ಚರ. ಖಾಸಗಿ ಕಾರಿನಲ್ಲಿ ಬೇರೆಯವರ ಆಸ್ತಿ ಹಾನಿಗೆ ಸಾಮಾನ್ಯವಾಗಿ 7.5 ಲಕ್ಷದವರೆಗೆ ರಕ್ಷಣೆ ಇರುತ್ತೆ. ಸ್ವಲ್ಪ ಪ್ರೀಮಿಯಂ ಉಳಿಸಲು ಅದನ್ನು 6,000ಕ್ಕೆ ಇಳಿಸಿದರೆ, ಎದುರಿನ ಕಾರಿನ ಒಂದು ಹೆಡ್‌ಲೈಟಿಗೂ ಸಾಲಲ್ಲ.

ತಪ್ಪು ಕಂಡರೆ ಏನು ಮಾಡೋದು

ಈಗಲೇ ಇಮೇಲ್ ಬರೀರಿ. ಏನು ತಪ್ಪಿದೆ, ಸರಿಯಾದ್ದು ಏನು ಅಂತ ಎರಡು ಸಾಲು, ಜೊತೆಗೆ ಆರ್‌ಸಿ ಪ್ರತಿ. ಅವರು ತಿದ್ದುಪಡಿಯನ್ನು ಎಂಡಾರ್ಸ್‌ಮೆಂಟ್ ಅಂತ ಬೇರೆ ಪತ್ರದಲ್ಲಿ ಕಳಿಸ್ತಾರೆ. ಅದನ್ನು ಪಾಲಿಸಿ ಜೊತೆಗೇ ಇಡಿ. ಏಜೆಂಟ್ 'ಆಯ್ತು ಸಾರ್, ಮಾಡಿಸ್ತೀನಿ' ಅಂದರೆ ಸಾಲದು, ಪತ್ರ ಕೈಗೆ ಬರಬೇಕು.

ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಯಾವ ಷರತ್ತಿನ ಪ್ರಕಾರ ಅಂತ ವರ್ಡಿಂಗ್ಸ್‌ನಲ್ಲಿ ಹುಡುಕಿ ನೋಡಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷದವರೆಗಿನ ತಕರಾರನ್ನು ಅಲ್ಲಿ ಒಯ್ಯಬಹುದು, ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ, ಅಥವಾ 155255 ನಂಬರಿಗೆ ಫೋನ್ ಮಾಡಿಯೂ ದೂರು ದಾಖಲಿಸಬಹುದು.

ಕೊನೆಗೆ ಒಂದು ಸಣ್ಣ ಕೆಲಸ. ಸರ್ಟಿಫಿಕೇಟ್, ಆರ್‌ಸಿ, ಡಿಎಲ್ ಡಿಜಿಲಾಕರ್‌ನಲ್ಲಿ ಇರಲಿ, ರಸ್ತೆಯಲ್ಲಿ ಅದು ನಡೆಯುತ್ತೆ. ಪೂರ್ತಿ ಪಾಲಿಸಿ, ವರ್ಡಿಂಗ್ಸ್, ಎಂಡಾರ್ಸ್‌ಮೆಂಟ್, ಕಂಪನಿಯ ಕ್ಲೇಮ್ ನಂಬರ್ ಇಷ್ಟನ್ನೂ ಒಂದೇ ಫೋಲ್ಡರಿಗೆ ಹಾಕಿ ಮನೆಯ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ಅಪಘಾತವಾದಾಗ ಫೋನ್ ಎತ್ತುವ ಸ್ಥಿತಿಯಲ್ಲಿ ನೀವೇ ಇರ್ತೀರಿ ಅನ್ನೋ ಖಾತ್ರಿ ಏನೂ ಇಲ್ಲ.